ಅಡಿಕೆ ಹಾಳೆಯ ಪೋಸ್ಟರು, ಹತ್ತೊಂಬತ್ತು ವೋಟು

ನಾನು ಕಾಲೇಜು ಚುನಾವಣೆಗೆ ನಿಂತಿದ್ದು ಬೇರೆಯವನ ಇಂಗ್ಲಿಷ್ ಪೇಪರಿನಿಂದಾಗಿ.

ಆಗ ಶಿರಸಿಯಲ್ಲಿ ಬಿಎ ಕೊನೇ ವರ್ಷ. ವಿದ್ಯಾರ್ಥಿ ಒಕ್ಕೂಟದ ಸೆಕ್ರೆಟರಿ ಹುದ್ದೆಗೆ ನಮ್ಮ ಕ್ಲಾಸಿನ ಕಬಡ್ಡಿ ಆಟಗಾರನೊಬ್ಬ ನಿಲ್ಲುವುದು ಅಂತ ಹಿಂದಿನ ವರ್ಷವೇ ಗಟ್ಟಿಯಾಗಿತ್ತು. ನಿಂತಿದ್ದರೆ ಗೆಲ್ಲುತ್ತಿದ್ದ, ಅನುಮಾನವೇ ಇಲ್ಲ. ಆದರೆ ನೋಟಿಸ್ ಬೋರ್ಡಿಗೆ ನಿಯಮದ ಎರಡು ಪುಟ ಹಚ್ಚಿದ ದಿನ ಗೊತ್ತಾಯಿತು, ಬ್ಯಾಕ್‌ಲಾಗ್ ಇದ್ದವರು ನಿಲ್ಲುವಂತಿಲ್ಲ. ಅವನಿಗೆ ಒಂದು ಇಂಗ್ಲಿಷ್ ಪೇಪರ್ ಬಾಕಿ ಇತ್ತು. ಕ್ಯಾಂಟೀನಿನಲ್ಲಿ ಕೂತು ಎಲ್ಲರೂ ತಲೆ ಕೆರೆದುಕೊಳ್ಳುತ್ತಿರುವಾಗ ನಾನು ಆ ಎರಡು ಪುಟದ ಫೋಟೋ ಮೊಬೈಲಿನಲ್ಲಿ ಓದುತ್ತಾ ಕೂತಿದ್ದೆ. ಅಷ್ಟೇ ನನ್ನ ಅರ್ಹತೆ. "ನೀನೇ ನಿಲ್ಲು ಮಾರಾಯ್ತಿ, ನಿಂಗೆ ರೂಲ್ಸ್ ಆದ್ರೂ ಗೊತ್ತು" ಅಂದರು.

ಮನೆಯಲ್ಲಿ ಆಯಿ ಕೇಳಿದ್ದು ಒಂದೇ ಮಾತು: "ಎಂತಕ್ಕೆ ಬೇಕಾಗಿತ್ತೇ ನಿಂಗೆ ಇದೆಲ್ಲ?" ಅಪ್ಪಯ್ಯ ತೋಟಕ್ಕೆ ಮದ್ದು ಹೊಡೆಸುವ ಗಡಿಬಿಡಿಯಲ್ಲಿದ್ದ. "ಅಡ್ಡಿಲ್ಲೆ, ನಿಲ್ಲು" ಅಂದು ಮೈಲುತುತ್ತ ಕರಗಿಸಲು ಹೋದ. ಅವನ ಕಾಲದ ಕಾಲೇಜು ಚುನಾವಣೆಯ ಕತೆ ಕೇಳಿಯೇ ಬೆಳೆದವಳು ನಾನು. ಜೀಪು, ಮೈಕು, ಗೋಡೆಬರಹ, ಒಂದೆರಡು ಸಲ ಹೊಡೆದಾಟ. 1989ರಲ್ಲಿ ಕರ್ನಾಟಕದಲ್ಲಿ ಅದೆಲ್ಲ ನಿಂತಿತು. ಆಮೇಲೆ ಎಷ್ಟೋ ಕಾಲೇಜುಗಳಲ್ಲಿ ಜಾಸ್ತಿ ಮಾರ್ಕ್ಸ್ ಬಂದವರನ್ನು ಕರೆದು 'ನೀನು ಸೆಕ್ರೆಟರಿ' ಅನ್ನುವುದೇ ರೂಢಿಯಾಯಿತು. ನಮ್ಮ ಕಾಲೇಜಿನಲ್ಲಿ ಮಾತ್ರ ಕಾಂಪೌಂಡಿನ ಒಳಗೇ ನಡೆಯುವ ಒಂದು ಸಣ್ಣ ಚುನಾವಣೆ ಇತ್ತು. ಹೊರಗಿನ ಪಕ್ಷ, ಸಂಘಟನೆಗಳಿಗೆ ಗೇಟಿನ ಒಳಗೆ ಪ್ರವೇಶವಿಲ್ಲ, ಆದರೆ ಎಲ್ಲ ವಿದ್ಯಾರ್ಥಿಗಳಿಗೂ ವೋಟು ಇತ್ತು.

ನೋಟಿಸ್ ಬೋರ್ಡಿನ ಎರಡು ಪುಟ ನಮ್ಮ ಪ್ರಾಧ್ಯಾಪಕರೇ ಯೋಚಿಸಿ ಬರೆದದ್ದು ಅಂದುಕೊಂಡಿದ್ದೆ. ಆಮೇಲೆ ನೋಡಿದರೆ ಹೆಚ್ಚಿನದೆಲ್ಲ ಲಿಂಗ್ಡೋ ಸಮಿತಿಯದು. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಜೆ.ಎಂ. ಲಿಂಗ್ಡೋ ಅವರ ಸಮಿತಿ ಕೊಟ್ಟ ಶಿಫಾರಸುಗಳನ್ನು ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರಿನಲ್ಲಿ ಒಪ್ಪಿಕೊಂಡಿತು. ವಿದ್ಯಾರ್ಥಿ ಚುನಾವಣೆ ಅಂದ ಕೂಡಲೇ ದೇಶದಲ್ಲಿ ಎಲ್ಲಿ ಹೋದರೂ ಅದೇ ಆಧಾರ. ಡಿಗ್ರಿಯವರಿಗೆ ವಯಸ್ಸು 17ರಿಂದ 22. ಸಂಶೋಧನೆ ಮಾಡುವವರಿಗೆ 28ರ ತನಕ. ಹಾಜರಿ ಶೇಕಡಾ 75, ಅಥವಾ ವಿಶ್ವವಿದ್ಯಾಲಯ ಹೇಳಿದಷ್ಟು. ಬಾಕಿ ಪೇಪರ್ ಇರಬಾರದು, ಶಿಸ್ತು ಕ್ರಮ ಆಗಿರಬಾರದು. ಪದಾಧಿಕಾರಿ ಹುದ್ದೆಗೆ ಒಮ್ಮೆ ಮಾತ್ರ ನಿಲ್ಲಬಹುದು. ಖರ್ಚು 5000 ರೂಪಾಯಿ ದಾಟಬಾರದು. ನಾಮಪತ್ರದಿಂದ ಫಲಿತಾಂಶದವರೆಗೆ ಎಲ್ಲ ಸೇರಿ 10 ದಿನ. ಬರೀ ಮಾರ್ಕ್ಸ್ ನೋಡಿ ನೇಮಕ ಮಾಡಬೇಡಿ ಅಂತಲೂ ಆ ವರದಿಯಲ್ಲಿದೆ. ಈ ಸಾಲನ್ನು ಯಾರೂ ಓದಿದಂತೆ ಕಾಣುವುದಿಲ್ಲ.

ನಾಮಪತ್ರದ ಫಾರ್ಮು ಒಂದೇ ಹಾಳೆ. ಅದಕ್ಕೆ ಹಚ್ಚುವ ಕಾಗದ ಮಾತ್ರ ಕಟ್ಟು. ವಯಸ್ಸಿಗೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಹಿಂದಿನ ಎಲ್ಲ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡಿನ ಜೆರಾಕ್ಸ್, ಐಡಿ ಕಾರ್ಡು, ಆಫೀಸಿನಿಂದ ಹಾಜರಿ ಪತ್ರ. ಇದರಲ್ಲಿ ಹಾಜರಿ ಪತ್ರವೇ ತಡ ಆಗುವುದು. ಯಾಕಂದರೆ ಒಬ್ಬೊಬ್ಬ ಲೆಕ್ಚರರ್ ಹತ್ತಿರ ಒಂದೊಂದು ರಿಜಿಸ್ಟರ್ ಇರುತ್ತದೆ, ಅವರಲ್ಲಿ ಒಬ್ಬರಾದರೂ ರಜೆಯಲ್ಲಿರುತ್ತಾರೆ. ನಾನು ಅದನ್ನೇ ಮೊದಲು ಹಿಡಿದೆ. ಯಾರಾದರೂ ನಿಲ್ಲುವ ಯೋಚನೆಯಲ್ಲಿದ್ದರೆ ಭಾಷಣ ಆಮೇಲೆ ಬರೆಯಿರಿ, ಹಾಜರಿ ಪತ್ರಕ್ಕೆ ಇವತ್ತೇ ಅರ್ಜಿ ಕೊಡಿ.

ಸೂಚಕರು ಒಬ್ಬರು, ಅನುಮೋದಕರು ಒಬ್ಬರು ಸಹಿ ಹಾಕಬೇಕು. ನನಗೆ ಅನುಮೋದಕಿಯಾಗಿ ಸಹಿ ಹಾಕಿದವಳು ಎರಡು ದಿನ ಮೊದಲು ಬಿಕಾಂ ಅಭ್ಯರ್ಥಿಯ ಫಾರ್ಮಿಗೂ ಸಹಿ ಹಾಕಿದ್ದಳಂತೆ. "ಪಾಪ, ಕೇಳ್ದ, ಹಾಕ್ದೆ" ಅಂದಳು. ಒಂದೇ ಹುದ್ದೆಗೆ ಇಬ್ಬರನ್ನು ಅನುಮೋದಿಸಿದರೆ ನಂತರ ಬಂದ ಫಾರ್ಮು ತಿರಸ್ಕೃತ ಅಂತ ನಮ್ಮ ನಿಯಮದಲ್ಲಿ ಸ್ಪಷ್ಟವಾಗಿ ಇತ್ತು. ಹೊಸ ಫಾರ್ಮು ತಂದು ಮತ್ತೆ ಎಲ್ಲ ಬರೆದೆ. ಸಹಿ ಮಾಡಿಸಿಕೊಳ್ಳುವ ಮುಂಚೆ "ಮತ್ತೆ ಯಾರಿಗೂ ಹಾಕಿಲ್ಲ ಅಲ್ವಾ?" ಅಂತ ಕೇಳುವುದು ಆವತ್ತಿನಿಂದ ಅಭ್ಯಾಸವಾಯಿತು.

ಇನ್ನೊಂದು ತೊಡಕು ಹೆಸರಿನದು. ಶಿರಸಿಯ ಕಾಲೇಜಿನಲ್ಲಿ ಹೆಗಡೆ, ಭಟ್ಟ, ನಾಯ್ಕ ಅಂದರೆ ಯಾರು ಅಂತ ಹುಡುಕುವುದು? ನಾವೆಲ್ಲ ಒಬ್ಬರನ್ನೊಬ್ಬರು ಗುರುತಿಸುವುದು ಊರಿನಿಂದ: ಹುಲೇಕಲ್ಲಿನವಳು, ಬನವಾಸಿಯವನು, ಸಾಲ್ಕಣಿ ಮಾಣಿ. ಮೂರು ಅಭ್ಯರ್ಥಿಗಳಲ್ಲಿ ಇಬ್ಬರು ಹೆಗಡೆ, ಇಬ್ಬರದೂ ಇನಿಷಿಯಲ್ ಒಂದೇ. ಮತಪತ್ರದಲ್ಲಿ ಹೆಸರಿನ ಮುಂದೆ ತರಗತಿಯನ್ನೂ ಹಾಕಿ ಅಂತ ಚುನಾವಣಾಧಿಕಾರಿ ಸರ್‌ಗೆ ಅರ್ಜಿ ಬರೆದುಕೊಟ್ಟೆ. ಬಾಯಲ್ಲಿ ಹೇಳಿದ್ದರೆ "ನೋಡೋಣ" ಅನ್ನುತ್ತಿದ್ದರು. ಬರೆದುಕೊಟ್ಟಿದ್ದಕ್ಕೆ ಅವರೂ ಬರೆದೇ ಉತ್ತರ ಕೊಡಬೇಕಾಯಿತು. ಒಪ್ಪಿಗೆ ಬಂತು.

ಇದು ಕೆಲಸ ಮಾಡುತ್ತದೆ ಅಂತ ಗೊತ್ತಾದ ಮೇಲೆ ಎರಡನೇ ಅರ್ಜಿ ಬರೆದೆ. ನನ್ನ ಮಟ್ಟಿಗೆ ಇಡೀ ಚುನಾವಣೆಯಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅಂದರೆ ಅದೇ. ಮತದಾನ ಮಧ್ಯಾಹ್ನ 3ರಿಂದ 4.30 ಅಂತ ಇಟ್ಟಿದ್ದರು, ಕ್ಲಾಸು ಹಾಳಾಗಬಾರದು ಅಂತ. ಶಿರಸಿ ಪೇಟೆಯವರಿಗೆ ಅದು ಸರಿ. ಆದರೆ ವಾನಳ್ಳಿ ಕಡೆಯವರು, ದೇವನಳ್ಳಿ ಕಡೆಯವರು ಮೂರು ಗಂಟೆಗೆ ಬ್ಯಾಗು ಹೆಗಲಿಗೆ ಹಾಕಿ ಬಸ್‌ಸ್ಟ್ಯಾಂಡಿಗೆ ಓಡುವವರು. ಆ ಬಸ್ಸು ತಪ್ಪಿದರೆ ಮುಂದಿನದು ಕತ್ತಲಾದ ಮೇಲೆ. ಮಳೆಗಾಲದಲ್ಲಿ ಅದೂ ಬರುತ್ತದೆ ಅಂತ ಹೇಳಲಿಕ್ಕಾಗದು. ವೋಟು ಹಾಕಲು ಯಾವ ಹುಡುಗಿ ಉಳಿಯುತ್ತಾಳೆ? ಎರಡು ದಿನ ಕ್ಲಾಸಿಂದ ಕ್ಲಾಸಿಗೆ ತಿರುಗಿ ಬಸ್ ಪಾಸ್ ಇದ್ದವರ ಪಟ್ಟಿ ಮಾಡಿದೆ. ಹೆಸರು, ತರಗತಿ, ಬಸ್ಸು ಹೊರಡುವ ಹೊತ್ತು, ಮುಂದೆ ಅವರದೇ ಸಹಿ. ನಾಲ್ಕು ಪುಟ ಆಯಿತು. ಅದನ್ನು ನೋಡಿ ಸರ್ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮರುದಿನ ಬೋರ್ಡಿನಲ್ಲಿ ತಿದ್ದುಪಡಿ ಬಂತು: ಮತದಾನ 11ರಿಂದ 2.

ಈಗ ಪೋಸ್ಟರಿನ ಕತೆ. ಅಚ್ಚು ಹಾಕಿಸಿದ ಪೋಸ್ಟರ್, ಫ್ಲೆಕ್ಸ್, ಕರಪತ್ರ ಯಾವುದೂ ಇಲ್ಲ. ಕೈಯಲ್ಲಿ ಮಾಡಿದ್ದು ಮಾತ್ರ, ಅದೂ ಗುರುತಿಸಿದ ಜಾಗದಲ್ಲಿ ಮಾತ್ರ. ಇದು ಲಿಂಗ್ಡೋ ನಿಯಮವೇ. ಮೈಕಿಲ್ಲ, ವಾಹನ ಇಲ್ಲ. ಪ್ರಚಾರಕ್ಕೆ ಪ್ರಾಣಿ ಬಳಸಬಾರದು ಅಂತಲೂ ಇದೆ. ಅದನ್ನು ಓದಿ ನಮ್ಮ ಗುಂಪಿನವರು ಒಂದು ದಿನ ಪೂರ್ತಿ ಎಮ್ಮೆ ಮೆರವಣಿಗೆಯ ಜೋಕು ಹೊಡೆದರು.

ತರಗತಿ ಶುರುವಾಗಿ 6ರಿಂದ 8 ವಾರದೊಳಗೆ ಚುನಾವಣೆ ಮುಗಿಸಬೇಕು ಅಂತ ಸಮಿತಿ ಹೇಳುತ್ತದೆ. ನಮಗೆ ಅದು ಬಿದ್ದದ್ದು ಆಗಸ್ಟಿಗೆ. ಘಟ್ಟದ ಮೇಲೆ ಆಗಸ್ಟ್ ಅಂದರೆ ಗೊತ್ತಲ್ಲ. ಗೋಡೆಯೇ ಬೆವರುತ್ತದೆ. ನಮಗೆ ಕೊಟ್ಟ ಜಾಗ ಸೈಕಲ್ ಸ್ಟ್ಯಾಂಡಿನ ಪಕ್ಕದ ಗೋಡೆ, ಮೇಲೆ ಒಂದು ಮೊಳದ ಸೂರು. ರಾತ್ರಿ ಕೂತು ಸ್ಕೆಚ್ ಪೆನ್ನಿನಲ್ಲಿ ಎಂಟು ಚಾರ್ಟ್ ಬರೆದೆವು. ಬೆಳಿಗ್ಗೆ ಹಚ್ಚಿದೆವು. ಮಧ್ಯಾಹ್ನದ ಹೊತ್ತಿಗೆ ನನ್ನ ಹೆಸರು ನೀಲಿ ಹೊಳೆಯಾಗಿ ಹರಿದು ಕೆಳಗಿದ್ದ ಬಿಕಾಂ ಹುಡುಗನ ಪೋಸ್ಟರಿನೊಳಗೆ ಸೇರಿತ್ತು. ಅವನು ದೂರು ಕೊಡಲಿಲ್ಲ, ಒಳ್ಳೆಯವನು.

ಪ್ಲಾಸ್ಟಿಕ್ ಹೊದೆಸುವ ಅಂದರೆ ಕಾಲೇಜಿನಲ್ಲಿ ಪ್ಲಾಸ್ಟಿಕ್ ಬೇಡ ಅಂತಿತ್ತು. ಆಯಿಯೇ ಉಪಾಯ ಹೇಳಿದ್ದು. ಬೇಸಿಗೆಯಲ್ಲಿ ಒಣಗಿಸಿ ಅಟ್ಟಕ್ಕೆ ಹಾಕಿದ್ದ ಅಡಿಕೆ ಹಾಳೆ ಇದ್ದವಲ್ಲ. ಅದರ ಒಳಮೈ ನುಣುಪು, ನೀರು ಬಿದ್ದರೆ ಜಾರಿ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಮೇಲೆ ರುಬ್ಬುವ ಕಲ್ಲು ಹೇರಿ ಒಂದು ರಾತ್ರಿ ಇಟ್ಟು ಚಪ್ಪಟೆ ಮಾಡಿದೆ. ಕಿಟಕಿ ಸರಳಿಗೆ ಹೊಡೆದು ಉಳಿದಿದ್ದ ಬಣ್ಣದಲ್ಲಿ ಬರೆದೆ. ಅಂಚಿಗೆ ತೂತು ಹಾಕಿ ಬಾಳೆಪಟ್ಟೆ ದಾರದಲ್ಲಿ ಕಟ್ಟಿದೆ. ಹತ್ತು ಹಾಳೆ. ಬಸ್ಸಿನಲ್ಲಿ ತರುವಾಗ ಕಂಡಕ್ಟರ್ ಲಗೇಜ್ ಟಿಕೆಟ್ ಕೇಳಿದ.

ಮೂರನೇ ಅಭ್ಯರ್ಥಿಯ ಕಡೆಯವರು ಆಕ್ಷೇಪ ಎತ್ತಿದರು. ನಿಯಮದಲ್ಲಿ 'ಕೈಯಿಂದ ಬರೆದ ಹಾಳೆ' ಅಂತಿದೆ, ಇದು ಪೋಸ್ಟರ್ ಅಲ್ಲ ಅಂತ. ಸರ್ ನಿಯಮದ ಪುಟ ತೆಗೆದು ಆ ಸಾಲನ್ನು ಎರಡು ಸಲ ಓದಿದರು. ಆಮೇಲೆ ನನ್ನ ಪೋಸ್ಟರನ್ನು ಬೆರಳಲ್ಲಿ ಟಕ್ ಟಕ್ ಬಡಿದು, "ಹಾಳೆ ಅಂತ ಬರ್ದಿದೆ. ಇದೂ ಹಾಳೆನೇ. ಇನ್ನೆಂತ ಹೇಳೂದು?" ಅಂದರು. ಆಕ್ಷೇಪ ಅಲ್ಲಿಗೆ ಬಿತ್ತು.

ಪ್ರಚಾರದ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಲೆಕ್ಚರರ್ ಒಪ್ಪಿದರೆ ಕ್ಲಾಸಿಗೆ ಹೋಗಿ ಎರಡು ನಿಮಿಷ ಮಾತಾಡಬಹುದು. ಲೇಡೀಸ್ ರೂಮಿಗೆ ನೀರಿನ ಫಿಲ್ಟರ್, ಲೈಬ್ರರಿ ಅರ್ಧ ಗಂಟೆ ಬೇಗ ತೆರೆಯಬೇಕು, ಇಷ್ಟೇ ನಾನು ಹೇಳಿದ್ದು.

ಮತದಾನದ ದಿನ ಪೆಟ್ಟು ಬಿದ್ದದ್ದು ನಮ್ಮ ಕಡೆಯಿಂದಲೇ. ಆ ದಿನ ಮತದಾರರಿಗೆ ಕುಡಿಯುವ ನೀರು ಬಿಟ್ಟು ತಿನ್ನಲು, ಕುಡಿಯಲು ಏನೂ ಕೊಡಬಾರದು. ಬಸ್ಸಿಳಿದು ಬರುತ್ತೇನೆ, ನನ್ನ ಗೆಳತಿಯ ತಮ್ಮ ಗೇಟಿನ ಹತ್ತಿರ ನಿಂತು ಪೆಪ್ಪರ್‌ಮಿಂಟ್ ಹಂಚುತ್ತಿದ್ದಾನೆ, ಒಂದೊಂದಕ್ಕೂ "ಅಕ್ಕಂಗೆ ವೋಟು" ಅಂತ ಸೇರಿಸಿ. ಅವನಿಗೆ ಪ್ರೀತಿ, ನನಗೆ ಎದೆ ಬಡಿತ. ಪೊಟ್ಟಣ ಕಸಿದುಕೊಂಡು ನಾನೇ ಸೀದಾ ಸರ್ ಹತ್ತಿರ ಹೋಗಿ ಹೇಳಿದೆ. ಅಷ್ಟರಲ್ಲಿ ದೂರೂ ಬಂದಿತ್ತು. ಲಿಖಿತ ಎಚ್ಚರಿಕೆ ಕೊಟ್ಟು ಬಿಟ್ಟರು. ಮೊದಲೇ ಹೋಗಿ ಹೇಳದೇ ಇದ್ದಿದ್ದರೆ ಅಷ್ಟಕ್ಕೆ ಮುಗಿಯುತ್ತಿರಲಿಲ್ಲ ಅಂತ ಆಮೇಲೆ ಅವರೇ ಹೇಳಿದರು.

ವಾನಳ್ಳಿ ಬಸ್ಸಿನವರು ಹನ್ನೊಂದಕ್ಕೇ ಸಾಲಿನಲ್ಲಿ ನಿಂತಿದ್ದರು. ಹೆಚ್ಚಿನವರು ಫಸ್ಟ್ ಇಯರ್ ಹುಡುಗಿಯರು. ಅವರನ್ನು ನೋಡಿ ಗೆದ್ದೇ ಬಿಟ್ಟೆ ಅಂದುಕೊಂಡೆ.

ಎಣಿಕೆ ನಡೆದದ್ದು ಫಿಸಿಕ್ಸ್ ಲ್ಯಾಬಿನ ಉದ್ದ ಮೇಜಿನ ಮೇಲೆ. ಅಭ್ಯರ್ಥಿಯ ಜೊತೆ ಒಬ್ಬ ಏಜೆಂಟ್ ಕೂರಬಹುದು. ನನ್ನ ಏಜೆಂಟ್ ಆ ಕಬಡ್ಡಿ ಆಟಗಾರನೇ. ಪೆಟ್ಟಿಗೆ ಮಗುಚಿ, ಚೀಟಿ ಬಿಡಿಸಿ, ಇಪ್ಪತ್ತೈದರ ಕಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕುವುದು. ಅನುಮಾನದ ಚೀಟಿ ಬಂದರೆ ಸರ್ ಎತ್ತಿ ಎಲ್ಲರಿಗೂ ತೋರಿಸಿ ಬದಿಗಿಡುವುದು. ಮೊದಲ ಹತ್ತು ನಿಮಿಷದಲ್ಲೇ ಬದಿಯ ರಾಶಿ ಬೆಳೆಯತೊಡಗಿತು.

ನಿಯಮದ ಎರಡನೇ ಪುಟ, ಕೊನೆಯಿಂದ ಮೂರನೇ ಸಾಲು: ಚೌಕದೊಳಗೆ ಒಂದೇ ಕತ್ತರಿ ಗುರುತು, ಬೇರೆ ಯಾವ ಗುರುತು ಇದ್ದರೂ, ಏನು ಬರೆದರೂ ಮತ ಅಸಿಂಧು. ನಾನು ಇದನ್ನು ಓದಿದ್ದೆ. ಕತ್ತರಿ ಅಂದರೆ ತಪ್ಪು, ರೈಟ್ ಗುರುತು ಅಂದರೆ ಸರಿ ಅಂತ ಒಂದನೇ ಕ್ಲಾಸಿನಿಂದ ಕಲಿತು ಬಂದವರು, ಬೇಕಾದವರ ಹೆಸರಿನ ಮುಂದೆ ಕತ್ತರಿ ಹಾಕುತ್ತಾರಾ? ಅದು ನನ್ನ ತಲೆಗೇ ಬರಲಿಲ್ಲ. ಬಸ್ಸಿನ ಪಟ್ಟಿ ಹಿಡಿದು ಅಷ್ಟು ಕ್ಲಾಸು ತಿರುಗಿದೆನಲ್ಲ, ಗುರುತು ಹೇಗೆ ಹಾಕುವುದು ಅಂತ ಒಂದು ಕ್ಲಾಸಿನಲ್ಲೂ ಹೇಳಲಿಲ್ಲ. ಒಂದರ ಮೇಲೆ ಒಂದು ರೈಟ್ ಗುರುತಿನ ಚೀಟಿ ಬಂತು. ಒಂದರಲ್ಲಿ ನಗುವ ಮುಖ. ಇನ್ನೊಂದರಲ್ಲಿ ನನ್ನ ಹೆಸರಿನ ಮುಂದೆ ದುಂಡು ಅಕ್ಷರದಲ್ಲಿ, 'ಆಲ್ ದ ಬೆಸ್ಟ್ ಅಕ್ಕಾ'. ಸರ್ ಅದನ್ನು ಎತ್ತಿ ಹಿಡಿದಾಗ ಮೇಜಿನ ಆ ಕಡೆಯವರೂ ನಗಲಿಲ್ಲ.

ಹತ್ತು ವೋಟಿನಿಂದ ಸೋತೆ. ಘೋಷಣೆಗೆ ಮುಂಚೆ ಬರೆದು ಕೇಳಿದರೆ ಮರು ಎಣಿಕೆ ಇತ್ತು, ಕೇಳಿದೆ. ಬಿಕಾಂ ಹುಡುಗನ ಒಂದು ಕಟ್ಟಿನಲ್ಲಿ ಇಪ್ಪತ್ತನಾಲ್ಕೇ ಇತ್ತು. ಅಂತರ ಒಂಬತ್ತಕ್ಕೆ ಇಳಿಯಿತು. ಕಬಡ್ಡಿಯವನು ಅಸಿಂಧು ಚೀಟಿಗಳ ಲೆಕ್ಕ ಅಂಗೈಯಲ್ಲಿ ಬರೆದುಕೊಂಡಿದ್ದ: ಒಟ್ಟು 31, ನನಗೆ ಬಿದ್ದದ್ದು 19, ಬಿಕಾಂನವನದು 7, ಉಳಿದದ್ದು ಮೂರನೆಯವನದು. ಅವನು ಅಂಗೈ ತೋರಿಸಿ ಏನೂ ಹೇಳಲಿಲ್ಲ. ಫಲಿತಾಂಶ ಬಂದ ಮೂರು ವಾರದೊಳಗೆ ದೂರು ಕೊಡಲು ಅವಕಾಶ ಇದೆ, ಕೊಡು ಅಂತ ಕೆಲವರು ಅಂದರು. ಏನಂತ ಕೊಡುವುದು? ಸಾಲು ಅಲ್ಲೇ ಇತ್ತಲ್ಲ.

48 ಗಂಟೆಯೊಳಗೆ ಜಾಗ ಸ್ವಚ್ಛ ಮಾಡಬೇಕು. ಬಿಕಾಂ ಹುಡುಗನೂ ನಾನೂ ಸೇರಿ ಗೋಡೆಯಿಂದ ಎಲ್ಲ ಬಿಚ್ಚಿದೆವು. ಹಾಳೆಗಳ ಬಣ್ಣ ಒಂದಿಷ್ಟೂ ಮಾಸಿರಲಿಲ್ಲ. ಅವನು ಒಂದನ್ನು ಇಟ್ಟುಕೊಳ್ಳುತ್ತೇನೆ ಅಂತ ಕೇಳಿ ತೆಗೆದುಕೊಂಡು ಹೋದ. ಮುಂದಿನ ವರ್ಷದ ನಿಯಮದಲ್ಲಿ ಗುರುತಿನ ಸಾಲು ಬದಲಾಗಬೇಕು ಅಂತ ಸರ್‌ಗೆ ಮೂರನೇ ಅರ್ಜಿ ಬರೆದೆ, ಅದಕ್ಕೆ ಅವನ ಸಹಿಯೂ ಇದೆ.

ಎರಡು ವಾರದೊಳಗೆ ಖರ್ಚಿನ ಲೆಕ್ಕ ಕೊಡಬೇಕು. ಚಾರ್ಟು, ಸ್ಕೆಚ್ ಪೆನ್ನು, ಜೆರಾಕ್ಸು, ಹಾಳೆಯ ಲಗೇಜ್ ಟಿಕೆಟ್, ಎಲ್ಲ ಸೇರಿ 412 ರೂಪಾಯಿ. ಕಸಿದುಕೊಂಡ ಪೆಪ್ಪರ್‌ಮಿಂಟಿನ 50 ಬೇರೆ. 'ಅಡಿಕೆ ಹಾಳೆ 10, ಮನೆಯದು' ಅಂತ ಬರೆದು ಮುಂದೆ ಸೊನ್ನೆ ಹಾಕಿದೆ. ಆಫೀಸಿನ ಕ್ಲರ್ಕ್ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು.

"ತಂಗಿ, ಸೋತವರು ಲೆಕ್ಕ ಕೊಡೂದು ನಾ ಕಂಡಿಲ್ಲ. ಇದನ್ನ ಎಂತ ಮಾಡ್ಲಿ?"

"ಸ್ವೀಕೃತಿ ಕೊಡಿ" ಅಂದೆ. ಡ್ರಾವರಿನಲ್ಲಿ ಸೀಲು ಹುಡುಕಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಹೊರಗೆ ನನ್ನ ಬಸ್ಸಿನ ಹೊತ್ತಾಗಿತ್ತು.