ಡಿಸ್ಕ್ ದುರಸ್ತಿಗೆ ಕೈಹಾಕುವ ಮುನ್ನ

ಚಿಕ್ಕ ಕಡತವೊಂದನ್ನು ತೆರೆಯಲು ನಿಮಿಷಗಟ್ಟಲೆ ಹಿಡಿಯುವುದು, ಕೆಲಸದ ನಡುವೆ ಪರದೆ ಇದ್ದಕ್ಕಿದ್ದಂತೆ ಸ್ತಬ್ಧವಾಗುವುದು, ನೀಲಿ ಪರದೆ ಮೂಡಿ ಕಂಪ್ಯೂಟರ್ ತಾನಾಗಿಯೇ ರೀಸ್ಟಾರ್ಟ್ ಆಗುವುದು ಇವೆಲ್ಲ ಡಿಸ್ಕ್ ಕೆಡುತ್ತಿರುವುದರ ಲಕ್ಷಣಗಳಾಗಿರಬಹುದು. ಇವು ಕಂಡ ಕೂಡಲೇ ಅನೇಕರು ವಿಂಡೋಸ್‌ನಲ್ಲೇ ಇರುವ ಡಿಸ್ಕ್ ದುರಸ್ತಿ ಸಾಧನವಾದ ಚೆಕ್‌ಡಿಸ್ಕ್ (chkdsk) ಚಲಾಯಿಸಿಬಿಡುತ್ತಾರೆ. ಆದರೆ ದುರಸ್ತಿ ಕೊನೆಯ ಹಂತಗಳಲ್ಲಿ ಬರಬೇಕಾದ ಕೆಲಸ. ಚೆಕ್‌ಡಿಸ್ಕ್‌ನ ಗುರಿ ಕಡತ ವ್ಯವಸ್ಥೆಯನ್ನು, ಅಂದರೆ ಯಾವ ಕಡತ ಡಿಸ್ಕಿನಲ್ಲಿ ಎಲ್ಲಿದೆ ಎಂಬ ಲೆಕ್ಕವನ್ನು, ಸರಿಪಡಿಸುವುದೇ ಹೊರತು ನಿಮ್ಮ ಫೋಟೊಗಳನ್ನು ಉಳಿಸುವುದಲ್ಲ.

ಆದ್ದರಿಂದ ಮೊದಲು ನಕಲು ಮಾಡಿಕೊಳ್ಳಬೇಕು. ಮತ್ತೆ ಸಿಗದ ಫೋಟೊ, ದಾಖಲೆ, ಲೆಕ್ಕಪತ್ರಗಳನ್ನು ಆಯ್ದು ಬೇರೊಂದು ಡ್ರೈವ್‌ಗೆ ಕಾಪಿ ಮಾಡಿ. ಅದೇ ಡಿಸ್ಕಿನ ಇನ್ನೊಂದು ಪಾರ್ಟಿಷನ್‌ಗೆ ಹಾಕಿದರೆ ಪ್ರಯೋಜನವಿಲ್ಲ. ಪ್ರೋಗ್ರಾಂಗಳನ್ನು ಮತ್ತೆ ಇನ್‌ಸ್ಟಾಲ್ ಮಾಡಬಹುದು, ಅವುಗಳ ಚಿಂತೆ ಬೇಡ. ಹಾರ್ಡ್‌ಡಿಸ್ಕ್‌ನಿಂದ ಒಂದೇ ಸಮನೆ ಟಕ್ ಟಕ್ ಸದ್ದು ಬರುತ್ತಿದ್ದರೆ ತಕ್ಷಣ ಕಂಪ್ಯೂಟರ್ ಆಫ್ ಮಾಡಿ. ಮತ್ತೆ ಮತ್ತೆ ಆನ್ ಮಾಡಿ ನೋಡುವುದರಿಂದ ಹಾನಿ ಹೆಚ್ಚುತ್ತದೆ. ಅಂತಹ ಡಿಸ್ಕಿನಲ್ಲಿ ಅಮೂಲ್ಯ ಮಾಹಿತಿಯಿದ್ದರೆ ಡೇಟಾ ರಿಕವರಿ ತಜ್ಞರಿಗೆ ಒಪ್ಪಿಸುವುದೇ ಸರಿ.

ನಕಲು ಮುಗಿದ ಮೇಲೆ, ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ 'ಸ್ಮಾರ್ಟ್' ದಾಖಲೆಯನ್ನು ಓದಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಇದನ್ನು ಪಟ್ಟಿಯಾಗಿ ತೋರಿಸುತ್ತದೆ. ಹಾರ್ಡ್‌ಡಿಸ್ಕ್ ಆದರೆ ಮುಖ್ಯವಾಗಿ ನಾಲ್ಕು ಸಾಲುಗಳನ್ನು ನೋಡಬೇಕು. 05 ಎಂಬ ಸಾಲು, ಕೆಟ್ಟುಹೋಗಿ ಬದಲಿ ಜಾಗಕ್ಕೆ ವರ್ಗವಾದ ಸೆಕ್ಟರ್‌ಗಳ (ಡಿಸ್ಕಿನಲ್ಲಿ ಮಾಹಿತಿ ಇಡುವ ಚಿಕ್ಕ ಚಿಕ್ಕ ಭಾಗಗಳ) ಲೆಕ್ಕ. ಸಿ5, ಓದಲು ತೊಡಕಾಗಿ ತೀರ್ಮಾನಕ್ಕಾಗಿ ಕಾದಿರುವವು. ಸಿ6, ಸ್ವಯಂ ತಪಾಸಣೆಯಲ್ಲಿ ಓದಲಾಗದೆ ಉಳಿದವು. ಈ ಮೂರರ ಕಚ್ಚಾ ಮೌಲ್ಯ (ಪಟ್ಟಿಯ 'ರಾ ವ್ಯಾಲ್ಯೂ' ಅಂಕಣದ ಸಂಖ್ಯೆ) ಸೊನ್ನೆಯಾಗಿರಬೇಕು. ಏರುತ್ತಾ ಹೋದರೆ ಡಿಸ್ಕ್ ಬದಲಿಸುವುದೇ ದಾರಿ. ನಾಲ್ಕನೆಯದಾದ ಸಿ7, ಮಾಹಿತಿ ಸಾಗಣೆಯಲ್ಲಾದ ತಪ್ಪುಗಳ ಲೆಕ್ಕ. ಅದು ಮಾತ್ರ ಏರುತ್ತಿದ್ದರೆ ದೋಷ ಸಾಮಾನ್ಯವಾಗಿ ಡಿಸ್ಕಿನದಲ್ಲ, ಅದನ್ನು ಮದರ್‌ಬೋರ್ಡ್‌ಗೆ ಜೋಡಿಸುವ ಸಾಟಾ ಕೇಬಲ್‌ನದು. ಕೇಬಲ್ ಬದಲಿಸಿದರೆ ಆ ಸಂಖ್ಯೆ ಕೆಳಗಿಳಿಯುವುದಿಲ್ಲ, ಏರುವುದು ನಿಲ್ಲುತ್ತದೆ ಅಷ್ಟೆ. ಈ ತಂತ್ರಾಂಶ ಕಚ್ಚಾ ಮೌಲ್ಯವನ್ನು ಹದಿನಾರರ ಮೂಲದಲ್ಲಿ ತೋರಿಸುತ್ತಿದ್ದರೆ 10 ಎಂದರೆ 16 ಎಂದು ಓದಿಕೊಳ್ಳಬೇಕು. ತಿರುಗುವ ಭಾಗಗಳಿಲ್ಲದ, ವೇಗದ ಎನ್‌ವಿಎಂಇ ಎಸ್‌ಎಸ್‌ಡಿ ಡ್ರೈವ್‌ಗಳ ಪಟ್ಟಿ ಬೇರೆಯೇ ಇರುತ್ತದೆ. ಅಲ್ಲಿ ಡೇಟಾ ಇಂಟೆಗ್ರಿಟಿ ಎರರ್‌ಗಳ ಸಾಲನ್ನು ಗಮನಿಸಿ.

ಡಿಸ್ಕ್ ಆರೋಗ್ಯವಾಗಿದ್ದರೂ ಕಡತಗಳು ಕೆಡುತ್ತಿದ್ದರೆ ರ‍್ಯಾಮ್ ಮೇಲೆ ಅನುಮಾನ ಪಡಬೇಕು. ಬಹುಮಂದಿ ಬಿಟ್ಟುಬಿಡುವ ಹಂತ ಇದು. ಡಿಸ್ಕಿಗೆ ಹೋಗುವ ಪ್ರತಿ ಮಾಹಿತಿಯೂ ರ‍್ಯಾಮ್ ಮೂಲಕವೇ ಹಾದುಹೋಗುವುದರಿಂದ, ಕೆಟ್ಟ ರ‍್ಯಾಮ್ ಇಟ್ಟುಕೊಂಡು ಡಿಸ್ಕ್ ದುರಸ್ತಿ ಮಾಡಿದರೆ ಸರಿಯಿದ್ದ ಕಡತಗಳೂ ಹಾಳಾಗಬಹುದು. ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಅಥವಾ ಹೆಚ್ಚು ಕಟ್ಟುನಿಟ್ಟಾದ ಮೆಮ್‌ಟೆಸ್ಟ್86 ಅನ್ನು ರಾತ್ರಿಯಿಡೀ ಓಡಲು ಬಿಡಿ. ಒಂದೇ ಒಂದು ದೋಷ ಕಂಡರೂ ಮುಂದಕ್ಕೆ ಹೋಗಬೇಡಿ. ರ‍್ಯಾಮ್ ಪಟ್ಟಿಗಳನ್ನು ಒಂದೊಂದಾಗಿ ಹಾಕಿ ಪರೀಕ್ಷಿಸಿ, ಕೆಟ್ಟದ್ದನ್ನು ತೆಗೆಯಿರಿ.

ಇಷ್ಟಾದ ಬಳಿಕ ಚೆಕ್‌ಡಿಸ್ಕ್. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು, ಯಾವ ಆಯ್ಕೆಯನ್ನೂ ಕೊಡದೆ ಚಲಾಯಿಸಿದರೆ ಅದು ವರದಿ ಮಾತ್ರ ಕೊಡುತ್ತದೆ. 'ಎಫ್' (/f) ಆಯ್ಕೆ ಕಡತ ವ್ಯವಸ್ಥೆಯ ತಪ್ಪುಗಳನ್ನು ತಿದ್ದುತ್ತದೆ. 'ಆರ್' (/r) ಆಯ್ಕೆ ಅದರ ಜತೆಗೆ ಕೆಟ್ಟ ಸೆಕ್ಟರ್‌ಗಳನ್ನೂ ಹುಡುಕುವುದರಿಂದ ದೊಡ್ಡ ಡಿಸ್ಕಿನಲ್ಲಿ ಹಲವು ಗಂಟೆ ಹಿಡಿಯಬಹುದು. ನಡುವೆ ವಿದ್ಯುತ್ ಹೋಗದಂತೆ ನೋಡಿಕೊಳ್ಳಿ, ಲ್ಯಾಪ್‌ಟಾಪ್ ಆದರೆ ಚಾರ್ಜರ್ ತೆಗೆಯಬೇಡಿ. ವಿಂಡೋಸ್‌ನ ಸ್ವಂತ ಕಡತಗಳು ಕೆಟ್ಟಿದ್ದರೆ ಅವನ್ನು ಸರಿಪಡಿಸುವ ವಿಂಡೋಸ್‌ನದೇ ಎರಡು ಕಮಾಂಡ್‌ಗಳಿವೆ. ಮೊದಲು ಡಿಸ್ಮ್‌ನ (DISM) 'ರಿಸ್ಟೋರ್‌ಹೆಲ್ತ್', ಆಮೇಲೆ ಎಸ್‌ಎಫ್‌ಸಿಯ (SFC) 'ಸ್ಕ್ಯಾನ್‌ನೌ' ಚಲಾಯಿಸಿ. ಎಸ್‌ಎಫ್‌ಸಿ ಒಳ್ಳೆಯ ಪ್ರತಿಗಳನ್ನು ತರುವ ಭಂಡಾರವನ್ನು ಡಿಸ್ಮ್ ಸರಿಪಡಿಸುವುದರಿಂದ ಈ ಕ್ರಮ.

ಆಮೇಲೂ ಕಂಪ್ಯೂಟರ್ ಥಟ್ಟನೆ ಆಫ್ ಆಗುತ್ತಿದ್ದರೆ, ವಿಂಡೋಸ್ ತನ್ನಲ್ಲಾದ ಘಟನೆಗಳನ್ನು ದಾಖಲಿಸಿಡುವ ಪಟ್ಟಿಯನ್ನು ತೋರಿಸುವ ಈವೆಂಟ್ ವ್ಯೂವರ್ ತೆರೆಯಿರಿ. ಡಿಸ್ಕ್ ಹೆಸರಿನಲ್ಲಿ ದಾಖಲಾದ 7ನೇ ಸಂಖ್ಯೆಯ ಈವೆಂಟ್ ಕೆಟ್ಟ ಬ್ಲಾಕ್‌ನ ಸೂಚನೆ. ಕರ್ನಲ್-ಪವರ್ ಹೆಸರಿನ 41ನೇ ಸಂಖ್ಯೆಯ ಈವೆಂಟ್ ಮಾತ್ರ ಕಂಡರೆ, ಯಂತ್ರ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂಬುದಷ್ಟೇ ಅದರ ಅರ್ಥ. ಕಾರಣವನ್ನು ಪವರ್ ಸಪ್ಲೈ ಮತ್ತು ಪ್ರೊಸೆಸರ್ ಫ್ಯಾನ್‌ನಲ್ಲಿ ಕೂತ ದೂಳಿನಿಂದ ಹುಡುಕಲು ಆರಂಭಿಸಿ.