ಜೀನು ಅಲ್ಲ, ಟಾಕ್ಸಿನ್ನೇ ಕಾಣಬೇಕು: ಕೋಶಗಳ ಮೇಲಿನ ಪರೀಕ್ಷೆಯಲ್ಲಿ ನನ್ನ ಅನುಭವ

ಭೇದಿ ತರುವ ಕರುಳಿನ ಬ್ಯಾಕ್ಟೀರಿಯಾ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೈಲ್‌ನ ಸೋಂಕನ್ನು ಪತ್ತೆ ಮಾಡಲು, ಕೋಶಗಳ ಮೇಲಿನ ಟಾಕ್ಸಿನ್ (ವಿಷ) ಪರೀಕ್ಷೆಯನ್ನು ಮತ್ತೆ ಆರಂಭಿಸುತ್ತೇನೆ ಎಂದು ನಾನು ಹೇಳಿದಾಗ ನಮ್ಮ ಪ್ರಯೋಗಾಲಯದಲ್ಲಿ ಯಾರೂ ಒಪ್ಪಲಿಲ್ಲ. ಕೆಲವೇ ಗಂಟೆಗಳಲ್ಲಿ ಜೀನನ್ನು ಹುಡುಕುವ ಪಿಸಿಆರ್ ಪರೀಕ್ಷೆಯ ಫಲಿತಾಂಶ ಕೈಗೆ ಸಿಗುವಾಗ ಎರಡು ದಿನ ಕಾಯಿಸುವ ಹಳೆಯ ವಿಧಾನ ಏಕೆ ಎಂದು ಅವರು ಕೇಳಿದರು. ಪಿಸಿಆರ್ ತೋರಿಸುವುದು ಟಾಕ್ಸಿನ್ ಬಿ ಜೀನನ್ನು ಮಾತ್ರ. ಆ ಜೀನು ಟಾಕ್ಸಿನ್ ತಯಾರಿಸುತ್ತಿದೆಯೇ ಎಂಬುದನ್ನು ಅದು ಹೇಳುವುದಿಲ್ಲ. ಈ ಬ್ಯಾಕ್ಟೀರಿಯಾವನ್ನು ಕರುಳಿನಲ್ಲಿ ಹೊತ್ತುಕೊಂಡು ಆರೋಗ್ಯವಾಗಿಯೇ ಇರುವವರು ಅನೇಕರಿದ್ದಾರೆ. ಅಂಥವರಿಗೆ ವಿರೇಚಕದಿಂದ ಭೇದಿಯಾದರೂ ಪಿಸಿಆರ್ ಪಾಸಿಟಿವ್ ಬರುತ್ತದೆ, ಬೇಡದ ಔಷಧಿ ಶುರುವಾಗುತ್ತದೆ. ದೊಡ್ಡ ಕರುಳನ್ನು ಕೆಡಿಸುವುದು ಟಾಕ್ಸಿನ್ ಆದ್ದರಿಂದ ಅದನ್ನೇ ನೋಡಬೇಕೆಂಬುದು ನನ್ನ ಹಟವಾಗಿತ್ತು.

ಮಲವನ್ನು ಬಫರಿನಲ್ಲಿ ಕದಡಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಪ್ಲೇಟಿನ ಒಂದು ಗುಣಿಯಲ್ಲಿ ಬೆಳೆಸಿದ ವೆರೋ ಕೋಶಗಳಿಗೆ (ಕೋತಿಯ ಮೂತ್ರಪಿಂಡದಿಂದ ಬಂದವು) ಹಾಕುವುದು, ಪಕ್ಕದ ಗುಣಿಗೆ ಅದನ್ನೇ ಟಾಕ್ಸಿನ್ನನ್ನು ನಿಷ್ಕ್ರಿಯಗೊಳಿಸುವ ಪ್ರತಿವಿಷದೊಡನೆ ಹಾಕುವುದು, 24 ಮತ್ತು 48 ಗಂಟೆಗಳಿಗೆ ನೋಡುವುದು: ಇಷ್ಟನ್ನು ಈ ಕೆಲಸದವರೆಲ್ಲರೂ ಬಲ್ಲರು. ಟಾಕ್ಸಿನ್ ಬಿ ಕೋಶದೊಳಗೆ ಸೇರಿ ರೋ ಪ್ರೋಟೀನುಗಳಿಗೆ ಗ್ಲೂಕೋಸನ್ನು ಅಂಟಿಸಿಬಿಡುವುದರಿಂದ ಕೋಶಕ್ಕೆ ಆಕಾರ ಕೊಡುವ ಆಕ್ಟಿನ್ ಎಳೆಗಳ ಹಂದರ ಕುಸಿಯುತ್ತದೆ. ಹರಡಿಕೊಂಡಿದ್ದ ಕೋಶ ದುಂಡಗಾಗಿ, ಅಂಚಿನಲ್ಲಿ ತೆಳ್ಳನೆಯ ಎಳೆಗಳಷ್ಟೇ ಉಳಿಯುತ್ತವೆ. ಪ್ರತಿವಿಷವಿರುವ ಗುಣಿಯಲ್ಲಿ ಕೋಶಗಳು ಮೊದಲಿನಂತೆಯೇ ಇದ್ದರೆ ಮಾತ್ರ ಅದು ಪಾಸಿಟಿವ್.

ಮೊದಲ ನಾಲ್ಕು ತಿಂಗಳು ಒಂದು ಪ್ಲೇಟೂ ನಂಬುವಂತಿರಲಿಲ್ಲ. ಎರಡೂ ಗುಣಿಗಳಲ್ಲಿ ಕೋಶಗಳು ಸಾಯುತ್ತಿದ್ದವು. ದ್ರವವನ್ನು ಹೆಚ್ಚು ತೆಳುಗೊಳಿಸಿದಾಗ ಆ ಸಾವು ನಿಂತಿತು, ಆದರೆ ದುರ್ಬಲ ಪಾಸಿಟಿವ್‌ಗಳೂ ಕಾಣದಾದವು. ತೆಳುಗೊಳಿಸುವ ಮೊದಲು ನಾನು ಈಗ ಮಾಡುವ ಒಂದು ಸಣ್ಣ ಕೆಲಸದಿಂದ ಈ ತೊಡಕು ಬಗೆಹರಿದಿದೆ. ಅದರ ವಿವರವನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ಅಷ್ಟರಲ್ಲಿ ಕೋಶಗಳಿಗೆ ಮೈಕೋಪ್ಲಾಸ್ಮಾ ಎಂಬ ಅತಿಸಣ್ಣ ಬ್ಯಾಕ್ಟೀರಿಯಾ ತಗುಲಿ, ಇದ್ದ ಸಂಗ್ರಹವನ್ನೆಲ್ಲ ಎಸೆದು ಹೊಸದಾಗಿ ಬೆಳೆಸಬೇಕಾಯಿತು. ಸೀರಮ್, ಫಿಲ್ಟರು, ಪ್ರತಿವಿಷ ಎಲ್ಲವೂ ಸೇರಿ ಆ ವರ್ಷದ ಹಣದಲ್ಲಿ ಸುಮಾರು ಮೂರನೆಯ ಒಂದು ಪಾಲು ಒಂದು ವರದಿಯನ್ನೂ ಕೊಡದೆ ಮುಗಿದುಹೋಯಿತು. ಲೆಕ್ಕ ಕೇಳಿದವರ ಮುಂದೆ ಖಾಲಿ ಕೈಯಲ್ಲಿ ನಿಂತ ಆ ದಿನ ಇನ್ನೂ ನೆನಪಿದೆ. 24 ಗುಣಿಗಳ ಪ್ಲೇಟನ್ನು ಬಿಟ್ಟು 96 ಗುಣಿಗಳದ್ದಕ್ಕೆ ಬಂದ ಮೇಲೆಯೇ ಖರ್ಚು ಹತೋಟಿಗೆ ಬಂದಿತು.

ಎಲ್ಲಕ್ಕಿಂತ ಹೆಚ್ಚು ಕಾಲ ತಿಂದದ್ದು ಮಾದರಿ ಬೆಚ್ಚಗಿರುತ್ತಿದ್ದುದು. ಬೆಳಿಗ್ಗೆ ಸ್ಪಷ್ಟವಾಗಿ ಪಾಸಿಟಿವ್ ಎಂದು ಕಂಡ ಮಲವನ್ನು ಮರುದಿನ ಮತ್ತೆ ಹಾಕಿದರೆ ನೆಗೆಟಿವ್ ಬರುತ್ತಿತ್ತು. ಟಾಕ್ಸಿನ್ ಬಿ ಕೋಣೆಯ ಉಷ್ಣಾಂಶದಲ್ಲಿ ಬೇಗನೆ ನಾಶವಾಗುತ್ತದೆಂದು ಓದಿದ್ದೆವು; ಆದರೂ ವಾರ್ಡಿನಲ್ಲಿ ಅರ್ಧ ದಿನ ಮೇಜಿನ ಮೇಲೆ ಇದ್ದ ಡಬ್ಬಿಗಳನ್ನೇ ಪರೀಕ್ಷಿಸುತ್ತಿದ್ದೆವು. ಈಗ ಮಾದರಿ ತಣ್ಣಗೆ ಬರದಿದ್ದರೆ ಹಿಂದಕ್ಕೆ ಕಳಿಸುತ್ತೇನೆ, ಅದೇ ದಿನ ಹಾಕಲಾಗದ್ದನ್ನು ಮೈನಸ್ 80 ಡಿಗ್ರಿಯಲ್ಲಿ ಇಡುತ್ತೇನೆ.

ನಡುವೆ ಪ್ರತಿವಿಷ ಮುಗಿದಾಗ ಫ್ರೀಜರಿನಲ್ಲಿದ್ದ, ಕ್ಲಾಸ್ಟ್ರಿಡಿಯಂ ಸೊರ್ಡೆಲ್ಲಿ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಪ್ರತಿವಿಷವನ್ನು ಬಳಸಿದೆ. ಎರಡರ ಟಾಕ್ಸಿನ್‌ಗಳೂ ಒಂದೇ ಕುಟುಂಬದವಾದ್ದರಿಂದ ಅದು ಚೆನ್ನಾಗಿಯೇ ಕೆಲಸ ಮಾಡಿತು. ಪ್ರತಿಜೀವಕದ ನಂತರದ ಕರುಳುರಿಗೆ ಸೊರ್ಡೆಲ್ಲಿಯೇ ಕಾರಣವಿರಬಹುದೆಂಬ ಅನುಮಾನ ಹಿಂದೆ ಹುಟ್ಟಿದ್ದೂ ಈ ಹೋಲಿಕೆಯಿಂದಲೇ. ನಿಜವಾದ ಕಾರಣ ಡಿಫಿಸೈಲ್ ಎಂಬುದು 1978ರಲ್ಲಿ ತಿಳಿಯಿತು.

ಮೊದಲ ವರ್ಷ ಸುಮಾರು 300 ಮಾದರಿಗಳನ್ನು ನೋಡಿದ ನೆನಪು. ಪಿಸಿಆರ್ ಪಾಸಿಟಿವ್ ಆದ 60ರಷ್ಟರಲ್ಲಿ ಕೋಶಗಳ ಮೇಲೆ ಟಾಕ್ಸಿನ್ ಕಂಡದ್ದು 35ರ ಆಸುಪಾಸಿನಲ್ಲಿ. ಉಳಿದವರಲ್ಲಿ ಹೆಚ್ಚಿನವರ ಭೇದಿ ಔಷಧಿಯಿಲ್ಲದೆಯೇ ನಿಂತಿತು. ವಿರೋಧಿಸಿದ್ದ ಸಹೋದ್ಯೋಗಿಗಳೇ ಈಗ ಸಂಶಯ ಬಂದ ಮಾದರಿಗಳನ್ನು ನನ್ನ ಪ್ಲೇಟಿಗೆ ಕಳಿಸುತ್ತಾರೆ. ಅದು ನನಗೆ ಹೆಮ್ಮೆಯ ವಿಷಯ.

ಪ್ರತಿವಿಷಕ್ಕೆ ಬಗ್ಗದ ಕೆಲವು ಗುಣಿಗಳನ್ನು ನಾನು ಮೊದಲು ಹಾಳಾದ ಮಾದರಿಗಳೆಂದು ಎಸೆಯುತ್ತಿದ್ದೆ. ಅದು ತಪ್ಪು. ಒಂದರಲ್ಲಿ ಸಾವು ನಿಧಾನವಾಗಿ ಮೂರನೆಯ ದಿನಕ್ಕೆ ಪೂರ್ಣವಾಯಿತು. ಬೆಳೆಸಿ ನೋಡಿದಾಗ ಶಿಗಾ ಟಾಕ್ಸಿನ್ ತಯಾರಿಸುವ ಇ. ಕೋಲೈ ಸಿಕ್ಕಿತು. ಆ ಟಾಕ್ಸಿನ್ನು ರೈಬೋಸೋಮನ್ನು ಕೆಡಿಸಿ ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸುತ್ತದೆ. ಅದು ಹಿಡಿದುಕೊಳ್ಳುವ ಜಿಬಿ3 ಗ್ರಾಹಕ ವೆರೋ ಕೋಶಗಳಲ್ಲಿ ಹೇರಳವಾಗಿದೆ. ಅಂತಹ ರೋಗಿಗೆ ಪ್ರತಿಜೀವಕ ಕೊಟ್ಟರೆ ಮೂತ್ರಪಿಂಡಗಳಿಗೆ ಅಪಾಯ ಹೆಚ್ಚಬಹುದಾದ್ದರಿಂದ, ಪ್ರತಿವಿಷದಲ್ಲೂ ಕೋಶ ಸತ್ತಿದೆಯೆಂದು ಕಂಡ ಕೂಡಲೇ ವಾರ್ಡಿಗೆ ಫೋನು ಮಾಡುತ್ತೇನೆ. ಇನ್ನೊಂದೆರಡರಲ್ಲಿ ಒಂದೆರಡು ಗಂಟೆಗಳೊಳಗೇ ಕೋಶಗಳ ಪೊರೆಯ ಮೇಲೆ ಗುಳ್ಳೆಗಳೆದ್ದವು. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ, ಪೊರೆಯಲ್ಲಿ ರಂಧ್ರ ಕೊರೆಯುವ ಎಂಟೆರೊಟಾಕ್ಸಿನ್ನಿನ (ಕರುಳಿನ ವಿಷದ) ಲಕ್ಷಣ ಅದು. ಆ ಮಾದರಿಗಳನ್ನು ಫ್ರೀಜರಿನಲ್ಲಿ ಬೇರೆಯಾಗಿ ಇಟ್ಟಿದ್ದೇನೆ. ಅದರ ಪ್ರತಿವಿಷ ಕೈಸೇರಿದ ದಿನ ಮೊದಲು ಅವನ್ನೇ ಪ್ಲೇಟಿಗೆ ಹಾಕುತ್ತೇನೆ.