ಜಾನಪದ ಲೋಕಕ್ಕೆ ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ

ಹಳ್ಳಿ ಬದುಕಿನ ಹಳೇ ಸಾಮಾನುಗಳ ವಸ್ತುಸಂಗ್ರಹಾಲಯವಾದ ರಾಮನಗರದ ಜಾನಪದ ಲೋಕ ನೋಡೋಕೆ ಹೇಗೆ ಹೋಗಬೇಕು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದು: ಹಳ್ಳಿಯಲ್ಲಿ ಬೆಳೆದ ಹಿರಿಯರು ಮನೆಯಲ್ಲಿದ್ದರೆ ಅವರನ್ನು ಮುಂದೆ ಬಿಟ್ಟು ನೀವು ಹಿಂದೆ ನಡೆಯಿರಿ. ಅಲ್ಲಿನ ಸಾಮಾನುಗಳಿಗೆ ಹೆಸರಿನ ಫಲಕ ಇದೆ. ಆದರೆ ಅದನ್ನು ಹೇಗೆ ಹಿಡಿಯುತ್ತಿದ್ದರು, ಎಲ್ಲಿ ಕೈ ಬೊಬ್ಬೆ ಬರುತ್ತಿತ್ತು ಅನ್ನುವುದು ಫಲಕದಲ್ಲಿ ಇರುವುದಿಲ್ಲ, ಅಲ್ವಾ?

ದಾರಿ ವಿಷಯ ಮೊದಲು ಮುಗಿಸುತ್ತೇನೆ. ಬೆಂಗಳೂರಿನಿಂದ ಸುಮಾರು 50 ಕಿ.ಮೀ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ರಾಮನಗರ, ಚನ್ನಪಟ್ಟಣ ಎರಡನ್ನೂ ಹೊರಗಿನಿಂದ ಬಳಸಿ ಹೋಗುತ್ತದೆ. ಅದರಲ್ಲೇ ಉಳಿದರೆ ಜಾಗ ತಪ್ಪಿಹೋಗುತ್ತದೆ. ರಾಮನಗರದೊಳಗೆ ಹೋಗುವ ಹಳೇ ರಸ್ತೆ ಹಿಡಿದು, ಊರು ದಾಟಿ ಚನ್ನಪಟ್ಟಣದ ಕಡೆ ಹೊರಡಿ. ರಸ್ತೆ ಪಕ್ಕದಲ್ಲೇ ಸಿಗುತ್ತದೆ. ಬಸ್ಸಾದರೆ ತಡೆರಹಿತ ಬಸ್ ಬೇಡ, ರಾಮನಗರದೊಳಗೆ ಹೋಗುತ್ತದಾ ಅಂತ ಕೇಳಿಯೇ ಹತ್ತಿ. ಮಂಗಳವಾರ ರಜೆ. ಬೆಳಿಗ್ಗೆಯೇ ಹೋಗಿ, ಮೂರು ಗಂಟೆಯಾದರೂ ಇಟ್ಟುಕೊಳ್ಳಿ. 15 ಎಕರೆ ಜಾಗ, ಕಟ್ಟಡದಿಂದ ಕಟ್ಟಡಕ್ಕೆ ಬಿಸಿಲಲ್ಲಿ ನಡೆಯಬೇಕು. ವಯಸ್ಸಾದವರಿಗೆ ಟೋಪಿ, ನೀರು ಮರೆಯಬೇಡಿ.

ಇದನ್ನು ಕಟ್ಟಿದವರು ಎಚ್.ಎಲ್. ನಾಗೇಗೌಡರು. ಐಎಎಸ್ ಅಧಿಕಾರಿಯಾಗಿದ್ದವರು ಊರೂರು ತಿರುಗಿ ಹಾಡು, ಕಥೆ, ಪಾತ್ರೆ ಪಗಡ ಎಲ್ಲವನ್ನೂ ಕೂಡಿಹಾಕಿದರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಶುರುವಾಯಿತು, 1994ರಲ್ಲಿ ಜಾನಪದ ಲೋಕ ಉದ್ಘಾಟನೆಯಾಯಿತು. ಅಷ್ಟೊತ್ತಿಗೆ ಹಳ್ಳಿಗಳಲ್ಲಿ ಇವೆಲ್ಲ ಅಟ್ಟ ಸೇರಿದ್ದವು, ಇಲ್ಲವೇ ಒಲೆ ಸೇರಿದ್ದವು. ಅವರು ತಡಮಾಡಿದ್ದರೆ ಎಷ್ಟು ಹೋಗುತ್ತಿತ್ತೋ!

ಲೋಕಮಾತಾ ಮಂದಿರದಿಂದ ಶುರು ಮಾಡಿ. ಅಡುಗೆಮನೆ ಸಾಮಾನು ಇರುವುದು ಅಲ್ಲೇ, ಹಿರಿಯರ ಬಾಯಿ ತೆರೆಯುವುದೂ ಅಲ್ಲೇ. ಅಳತೆ ಪಾತ್ರೆಗಳ ಮುಂದೆ ಮಕ್ಕಳನ್ನು ನಿಲ್ಲಿಸಿ ಲೆಕ್ಕ ಹೇಳಿಸಿ. 4 ಚಟಾಕಿಗೆ 1 ಪಾವು, 4 ಪಾವಿಗೆ 1 ಸೇರು, 20 ಕೊಳಗಕ್ಕೆ 1 ಖಂಡುಗ. ಕೊಳಗದ ಒಳಗಿನ ಸೇರಿನ ಲೆಕ್ಕ ಸೀಮೆಯಿಂದ ಸೀಮೆಗೆ ಬೇರೆ, ಅದನ್ನು ನಿಮ್ಮ ಮನೆಯವರಿಂದಲೇ ಕೇಳಿ.

ಬೇಸಾಯದ ಸಾಮಾನಿನಲ್ಲಿ ಬೀಜ ಬಿತ್ತುವ ಕೂರಿಗೆಯ ಮುಂದೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿ. ಮೇಲೊಂದು ಮರದ ಬಟ್ಟಲು. ಬಟ್ಟಲ ತಳದಲ್ಲಿ ತೂತುಗಳು, ಒಂದೊಂದು ತೂತಿಗೆ ಒಂದೊಂದು ಬಿದಿರಿನ ಕೊಳವೆ, ಕೊಳವೆ ಇಳಿಯುವುದು ನೆಲ ಸೀಳುವ ಹಲ್ಲಿಗೆ, ಅಂದರೆ ತಾಳಿಗೆ. ಎತ್ತು ಎಳೆಯುತ್ತಾ ಹೋದಂತೆ ಪಕ್ಕದಲ್ಲಿ ನಡೆಯುವವರು ಬಟ್ಟಲಿಗೆ ಬೀಜ ಬಿಡುತ್ತಾ ಹೋಗಬೇಕು. ನಮ್ಮ ಅತ್ತೆ ತುಮಕೂರು ಕಡೆಯವರು. ಬರಿಗೈ ಮುಷ್ಟಿ ಮಾಡಿ, ಹೆಬ್ಬೆರಳಿನಿಂದ ತೋರುಬೆರಳನ್ನು ಸವರುತ್ತಾ, ರಾಗಿ ಹೇಗೆ ಜಾರಬೇಕು ಅಂತ ನನ್ನ ಮಗಳಿಗೆ ತೋರಿಸಿದರು. ಕೈ ನಿಂತರೆ ಸಾಲು ಬೋಳು, ಕೈ ಬಿಗಿ ತಪ್ಪಿದರೆ ಪೈರು ಒತ್ತೊತ್ತು. ಮೊಳಕೆ ಬಂದ ಮೇಲೆ ಯಾರು ಬಿತ್ತಿದ್ದು ಅಂತ ಊರಿಗೆಲ್ಲ ಗೊತ್ತಾಗುತ್ತಿತ್ತಂತೆ. ಮಗಳು ಆ ಬೆರಳಾಟವನ್ನು ಆಮೇಲೂ ಮಾಡುತ್ತಲೇ ಇದ್ದಳು.

ಆಯಗಾರಮಾಳದಲ್ಲಿ ಕುಂಬಾರ, ಕಮ್ಮಾರ, ಗಾಣಿಗ ಇಂಥವರ ಕಸುಬಿನ ಸಾಮಾನಿದೆ. ಇವರಿಗೆ ದಿನದ ಕೂಲಿ ಇರಲಿಲ್ಲ. ಕಣದಲ್ಲಿ ರಾಶಿಯಾದಾಗ ರೈತ ಕೊಡುವ ಕಾಳಿನ ಪಾಲೇ ಅವರ ಆಯ. ಮಳೆ ಕೈಕೊಟ್ಟರೆ ರೈತನ ಜೊತೆ ಕಮ್ಮಾರನ ಮನೆಗೂ ಕಾಳಿಲ್ಲ. ಇದನ್ನು ಮಕ್ಕಳಿಗೆ ಹೇಳಿ ಆಮೇಲೆ ಗಾಣ ತೋರಿಸಿ. ಸುಮ್ನೆ ದೊಡ್ಡ ಕಲ್ಲು ಅಂತ ದಾಟಿಹೋಗುವುದಿಲ್ಲ.

ಲೋಕಮಹಲಿನಲ್ಲಿ ಗೊಂಬೆಗಳು, ಮುಖವಾಡಗಳು, ಕುಣಿತದ ವೇಷಗಳು. ತೊಗಲುಗೊಂಬೆಯನ್ನು ದೂರದಿಂದ ನೋಡಿದರೆ ಬಣ್ಣ ಮಾತ್ರ ಕಾಣುತ್ತದೆ. ಹತ್ತಿರ ಹೋಗಿ ತೂತುಗಳನ್ನು ನೋಡಿ. ಚರ್ಮವನ್ನು ಬೆಳಕು ಹಾಯುವಷ್ಟು ತೆಳುವಾಗಿ ಹೆರೆದು, ಒಡವೆ, ಸೀರೆಯ ಅಂಚು ಎಲ್ಲವನ್ನೂ ಉಳಿಯಲ್ಲಿ ಕೊರೆದಿರುತ್ತಾರೆ. ಪರದೆ ಹಿಂದೆ ದೀಪ ಇಟ್ಟಾಗ ಒಡವೆ ಹೊಳೆಯುವುದು ಆ ತೂತುಗಳಿಂದಲೇ. ಯಾವುದನ್ನೂ ಮುಟ್ಟಬೇಡಿ, ಫೋಟೋ ತೆಗೆಯುವ ಮುಂಚೆ ಸಿಬ್ಬಂದಿಯನ್ನು ಕೇಳಿ.

ಚಿತ್ರಕುಟೀರ, ಶಿಲ್ಪಮಾಳ ಹೊತ್ತಿದ್ದರೆ ನೋಡಿ. ಮಕ್ಕಳು ದಣಿದಿದ್ದರೆ ಬಿಡಿ, ಇನ್ನೊಮ್ಮೆ ಬಂದರಾಯಿತು. ಬಯಲು ರಂಗಮಂದಿರದಲ್ಲಿ ಕಾರ್ಯಕ್ರಮ ಇರುವ ದಿನ ಹೋದರೆ ಇನ್ನೂ ಚೆನ್ನ. ವೇಷವನ್ನು ಗಾಜಿನೊಳಗೆ ನೋಡುವುದೇ ಬೇರೆ, ಕುಣಿಯುವವರ ಮೈಮೇಲೆ ನೋಡುವುದೇ ಬೇರೆ. ಹೊರಡುವ ಮುಂಚೆ ಫೋನ್ ಮಾಡಿ ವಿಚಾರಿಸಿ.

ಪಕ್ಕದಲ್ಲೇ ಕಾಮತ್ ಲೋಕರುಚಿ ಇದೆ, ಊಟ ಅಲ್ಲೇ ಮಾಡಬಹುದು. ಆಮೇಲೆ ಮನೆಗೆ ತಿರುಗದೆ ಚನ್ನಪಟ್ಟಣಕ್ಕೆ ಹೋಗಿ. ರಸ್ತೆ ಬದಿಯ ಅಂಗಡಿಗಿಂತ ಮೊದಲು ಊರೊಳಗೆ ಮರದ ಗೊಂಬೆ ಮಾಡುವ ಜಾಗ ಕೇಳಿಕೊಂಡು ಹೋಗಿ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಬಣ್ಣ ಹಿಡಿಯುತ್ತದೆ, ಆಮೇಲೆ ತಾಳೆಗರಿಯಿಂದ ಒತ್ತಿ ಹೊಳಪು ಕೊಡುತ್ತಾರೆ. ಕೊಳ್ಳುವುದಿದ್ದರೆ ಅದನ್ನು ನೋಡಿದ ಮೇಲೆ ಕೊಳ್ಳಿ, ಚೌಕಾಸಿ ಮಾಡಬೇಡಿ.